ಮಗು ಬಾಯಿಬಿಟ್ಟ ಮೇಲಿನ ಮೊದಲ ಅರ್ಧ ಗಂಟೆ: ಶಾಲಾ ಶಿಕ್ಷಣ ಇಲಾಖೆಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಆಯುಕ್ತರಿಗೆ, ಜಿಲ್ಲಾ ಉಪನಿರ್ದೇಶಕರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳ ಮುಖ್ಯ ಶಿಕ್ಷಕರಿಗೆ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ

ಮಾನ್ಯರೇ,

ಮಕ್ಕಳ ಇಂಟರ್‌ನೆಟ್ ಸುರಕ್ಷತೆ ಎಂದ ಕೂಡಲೇ ನಮ್ಮ ಶಾಲೆಗಳಲ್ಲಿ ನಡೆಯುವುದು ಅರಿವು ಕಾರ್ಯಕ್ರಮ. ಠಾಣೆಯಿಂದ ಒಬ್ಬರು ಬಂದು ಒಟಿಪಿ ಹೇಳಬೇಡಿ, ಗುರುತಿಲ್ಲದವರ ಜೊತೆ ಚಾಟ್ ಮಾಡಬೇಡಿ ಎಂದು ತಿಳಿಹೇಳಿ ಹೋಗುತ್ತಾರೆ. ಅದು ಬೇಕು, ನಡೆಯಲಿ. ಆದರೆ ಅದೇ ವಾರ ಎಂಟನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮಿಸ್, ಯಾರೋ ನನ್ ಫೋಟೊನ ಕೆಟ್ಟದಾಗಿ ಎಡಿಟ್ ಮಾಡಿ ಹಾಕಿದಾರೆ" ಎಂದರೆ ಮುಂದಿನ ಅರ್ಧ ಗಂಟೆಯಲ್ಲಿ ಏನು ಮಾಡಬೇಕು, ಏನು ಮಾಡಲೇಬಾರದು ಎಂಬುದನ್ನು ಆ ಶಿಕ್ಷಕಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಆಗ ದೊಡ್ಡವರು ಗಾಬರಿಯಲ್ಲಿ ಮಾಡುವ ಕೆಲಸಗಳಿಂದ ಮಗುವಿಗೆ ಎರಡನೇ ಪೆಟ್ಟು ಬೀಳುತ್ತದೆ. ಆ ಅರ್ಧ ಗಂಟೆಗೆ ರಾಜ್ಯದ ಎಲ್ಲ ಶಾಲೆಗಳಲ್ಲೂ ಒಂದೇ ಕ್ರಮ ಇರಬೇಕು, ಅದನ್ನು ಇಲಾಖೆಯೇ ಬರೆದು ಕೊಡಬೇಕು ಎಂದು ಕೇಳಲು ಈ ಪತ್ರ.

ಮೊದಲು ಆಗುವ ತಪ್ಪು ಫಾರ್ವರ್ಡ್. "ಎಲ್ಲಿ, ನನಗೆ ಕಳಿಸು ನೋಡೋಣ" ಎಂದು ಶಿಕ್ಷಕಿ ಆ ಚಿತ್ರವನ್ನು ತಮ್ಮ ವಾಟ್ಸ್ಆ್ಯಪ್‌ಗೆ ಹಾಕಿಸಿಕೊಳ್ಳುತ್ತಾರೆ. ಅಲ್ಲಿಂದ ಎಚ್‌ಎಂಗೆ, ಎಚ್‌ಎಂ ಇಂದ ಎಸ್‌ಡಿಎಂಸಿ ಅಧ್ಯಕ್ಷರಿಗೆ, "ಸಾಕ್ಷಿಗೆ ಇರಲಿ" ಎಂದು ಇನ್ನಿಬ್ಬರಿಗೆ. ಎಲ್ಲರ ಉದ್ದೇಶವೂ ಒಳ್ಳೆಯದೇ. ಆದರೆ ಕಾನೂನಿನ ಕಣ್ಣಲ್ಲಿ ಇದು ಅಪಾಯದ ದಾರಿ. ಮಕ್ಕಳ ಲೈಂಗಿಕ ಚಿತ್ರವನ್ನು ರವಾನಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡವಿರುವ ಅಪರಾಧ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 15ನೇ ಕಲಮು ಇಂಥ ಚಿತ್ರವನ್ನು ಅಳಿಸದೆ, ವರದಿಯನ್ನೂ ಮಾಡದೆ ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದನ್ನೂ ಶಿಕ್ಷಿಸುತ್ತದೆ. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ವ್ಯಾಖ್ಯಾನಿಸಿದೆ. ಕಾನೂನು ವಿನಾಯಿತಿ ಕೊಟ್ಟಿರುವುದು ನಿಗದಿಪಡಿಸಿದ ರೀತಿಯಲ್ಲಿ ವರದಿ ಮಾಡುವುದಕ್ಕೆ ಮತ್ತು ನ್ಯಾಯಾಲಯದ ಸಾಕ್ಷ್ಯಕ್ಕೆ. ಸ್ಟಾಫ್ ಗ್ರೂಪಿಗೆ ಹಾಕುವುದು ಈ ಎರಡರಲ್ಲಿ ಯಾವುದೂ ಅಲ್ಲ.

ಇದರ ಹಿಂದೆ ಫೋನಿನದೇ ಒಂದು ಸೆಟ್ಟಿಂಗ್ ಕೆಲಸ ಮಾಡುತ್ತಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮೀಡಿಯಾ ಆಟೊ ಡೌನ್‌ಲೋಡ್ ಆನ್ ಇದ್ದರೆ ಗ್ರೂಪಿಗೆ ಬಂದ ಚಿತ್ರ ತಾನಾಗಿ ಇಳಿಯುತ್ತದೆ. ಅನೇಕ ಫೋನುಗಳಲ್ಲಿ ಅದು ಗ್ಯಾಲರಿಗೂ ಸೇರಿ, ಅಲ್ಲಿಂದ ಫೋಟೊ ಬ್ಯಾಕಪ್‌ಗೂ ಹೋಗುತ್ತದೆ. ಐವತ್ತು ಜನರ ಗ್ರೂಪಿಗೆ ಒಮ್ಮೆ ಬಿದ್ದರೆ ಯಾರೂ ಮುಟ್ಟದೆಯೇ ಹತ್ತಾರು ಪ್ರತಿಗಳಾಗುತ್ತವೆ. ಆಮೇಲೆ "ಡಿಲೀಟ್ ಫಾರ್ ಎವೆರಿಒನ್" ಒತ್ತಿದರೂ ಗ್ಯಾಲರಿಗೆ ಇಳಿದದ್ದೆಲ್ಲ ಅಳಿಯುತ್ತದೆಂಬ ಖಾತರಿಯಿಲ್ಲ. ಹಾಗಾಗಿ ನಿಯಮ ಒಂದೇ ಸಾಲಿನದು: ಚಿತ್ರ ಯಾವ ಫೋನಿನಲ್ಲಿದೆಯೋ ಅಲ್ಲೇ ಇರಲಿ. ಅದನ್ನು ನೋಡಬೇಕಾದವರು ತನಿಖಾಧಿಕಾರಿ. "ಚಿತ್ರದಲ್ಲಿ ಏನಿದೆ ಅಂತ ಮಾತಲ್ಲಿ ಹೇಳು, ಸಾಕು" ಎಂದರೆ ಶಿಕ್ಷಕರಿಗೆ ಬೇಕಾದಷ್ಟು ತಿಳಿಯುತ್ತದೆ.

ಎರಡನೇ ತಪ್ಪು ಇದಕ್ಕೆ ತೀರಾ ಉಲ್ಟಾ. ಫೋನ್ ಕಿತ್ತುಕೊಂಡು ಚಾಟ್ ಅಳಿಸಿ, ಆ್ಯಪ್ ತೆಗೆದು, ಖಾತೆ ಮುಚ್ಚಿಬಿಡುವುದು. ಅದರೊಂದಿಗೆ ಸಾಕ್ಷ್ಯವೂ ಹೋಯಿತು. ಆ ಕಡೆಯವನು ಬೇರೆ ಖಾತೆಯಿಂದ ಮತ್ತೆ ಬರುತ್ತಾನೆ, ಅವನ ವಿರುದ್ಧ ತೋರಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬ್ಲಾಕ್ ಅಥವಾ ರಿಪೋರ್ಟ್ ಒತ್ತುವಾಗ ಚಾಟ್ ಅಳಿಸುವ ಆಯ್ಕೆಗೆ ಮೊದಲೇ ಟಿಕ್ ಬಿದ್ದಿದೆಯೇ ಎಂದು ನೋಡಿ ತೆಗೆಯಬೇಕು. ಅವಸರದಲ್ಲಿ ಇದೊಂದು ಟಿಕ್‌ನಿಂದ ಇಡೀ ಸಂಭಾಷಣೆ ಹೋಗಿಬಿಡಬಹುದು.

ಮೂರನೆಯದು ಮನೆಗೆ ಮಾಡುವ ಕರೆ. "ನಿಮ್ಮ ಮಗಳು ಏನು ಮಾಡಿಕೊಂಡಿದ್ದಾಳೆ ಬಂದು ನೋಡಿ" ಎಂಬ ಒಂದು ಮಾತಿಗೆ ಆ ಮನೆಯಲ್ಲಿ ಆ ರಾತ್ರಿ ಏನಾಗಬಹುದು ಎಂದು ಫೋನ್ ಎತ್ತುವ ಮೊದಲು ಯೋಚಿಸಬೇಕು. ಮಗು ಯಾರನ್ನು ನಂಬುತ್ತದೆ ಎಂದು ಅದನ್ನೇ ಕೇಳಿ. ಕೆಲವು ಸಲ ಅಮ್ಮ, ಕೆಲವು ಸಲ ಚಿಕ್ಕಮ್ಮ ಅಥವಾ ಅಜ್ಜಿ. ಪೋಕ್ಸೊದ 26ನೇ ಕಲಮು ಕೂಡ ಪಾಲಕರು ಅಥವಾ ಮಗುವಿಗೆ ನಂಬಿಕೆಯಿರುವ ವ್ಯಕ್ತಿಯ ಎದುರಲ್ಲೇ ಹೇಳಿಕೆ ದಾಖಲಿಸಬೇಕು ಎನ್ನುತ್ತದೆ.

ಹಾಗಾದರೆ ಶಿಕ್ಷಕಿ ಮೊದಲು ಆಡಬೇಕಾದ ಮಾತೇನು? "ಹೇಳಿದ್ದು ಒಳ್ಳೇದಾಯ್ತು ಪುಟ್ಟ. ಇದರಲ್ಲಿ ನಿನ್ನ ತಪ್ಪಿಲ್ಲ. ಇನ್ಮುಂದೆ ನಾವು ನೋಡ್ಕೋತೀವಿ." ಇಷ್ಟು ಸಾಕು. "ಯಾರಿಗೂ ಹೇಳಲ್ಲ" ಎಂದು ಮಾತ್ರ ಭಾಷೆ ಕೊಡಬಾರದು, ಏಕೆಂದರೆ ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಪೋಕ್ಸೊದ 19ನೇ ಕಲಮಿನ ಪ್ರಕಾರ ಇಂಥ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದು ಎಂಬ ಆತಂಕವಿರುವವರು ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ 6 ತಿಂಗಳವರೆಗೆ ಜೈಲು ಅಥವಾ ದಂಡ. ಆರೋಪಿಯು ಸಂಸ್ಥೆಯ ಸಿಬ್ಬಂದಿಯೇ ಆಗಿದ್ದು ಮುಖ್ಯಸ್ಥರು ಮುಚ್ಚಿಟ್ಟರೆ ಅದು ಒಂದು ವರ್ಷದವರೆಗೆ ಹೋಗುತ್ತದೆ. "ಶಾಲೆಯ ಮರ್ಯಾದೆ" ಎಂದು ಒಳಗೊಳಗೇ ರಾಜಿ ಮಾಡಿಸುವವರು ಇದನ್ನು ಎರಡು ಸಲ ಓದಬೇಕು. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಯಾವ ಹೊಣೆಯೂ ಬರುವುದಿಲ್ಲ ಎಂದು ಅದೇ 19ನೇ ಕಲಮು ರಕ್ಷಣೆ ಕೊಟ್ಟಿದೆ. ಹಾಗಾಗಿ ಶಿಕ್ಷಕರು ಹೆದರಬೇಕಿಲ್ಲ.

"ಇದು ನಿಜವಾದ ಫೋಟೊ ಅಲ್ಲವಲ್ಲ, ಎಐನಲ್ಲಿ ಮಾಡಿದ್ದು, ಕೇಸ್ ಆಗುತ್ತಾ?" ಎಂಬ ಪ್ರಶ್ನೆ ಈಗ ಹೆಚ್ಚು ಕೇಳಿಬರುತ್ತಿದೆ. ಆಗುತ್ತದೆ. 2019ರ ತಿದ್ದುಪಡಿಯಲ್ಲಿ ಪೋಕ್ಸೊಗೆ ಸೇರಿಸಿದ ವ್ಯಾಖ್ಯೆಯಲ್ಲಿ ನಿಜವಾದ ಮಗುವಿನಂತೆಯೇ ಕಾಣುವ ಕಂಪ್ಯೂಟರ್ ಚಿತ್ರ, ಸೃಷ್ಟಿಸಿದ ಅಥವಾ ತಿದ್ದಿದ ಚಿತ್ರ ಎಲ್ಲವೂ ಸೇರಿವೆ.

ಸಾಕ್ಷ್ಯದ ವಿಷಯಕ್ಕೆ ಬರೋಣ. ಹೆಚ್ಚಿನ ದೂರುಗಳು ಸೊರಗುವುದು ಇಲ್ಲೇ. ಇನ್‌ಸ್ಟಾಗ್ರಾಮ್ ಖಾತೆಯ ಮೇಲೆ ದಪ್ಪಗೆ ಕಾಣುವ ಹೆಸರನ್ನಷ್ಟೇ ಬರೆದುಕೊಂಡು ಹೋದರೆ ಉಪಯೋಗವಿಲ್ಲ, ಅದನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಬೇಕಾದದ್ದು ಯೂಸರ್‌ನೇಮ್ ಮತ್ತು ಪ್ರೊಫೈಲಿನ ಲಿಂಕ್. ಯೂಸರ್‌ನೇಮಿನಲ್ಲಿ ಒಂದು ಚುಕ್ಕೆ, ಒಂದು ಅಡಿಗೆರೆ ತಪ್ಪಿದರೂ ಅದು ಬೇರೆಯವರ ಖಾತೆಯಾಗುತ್ತದೆ, ಆದ್ದರಿಂದ ಕೈಯಲ್ಲಿ ಬರೆಯುವ ಬದಲು ಕಾಪಿ ಮಾಡಿಕೊಳ್ಳಿ. ಪೋಸ್ಟ್ ಆಗಿದ್ದರೆ ಆ ಪೋಸ್ಟಿನದೇ ಲಿಂಕ್ ಬೇಕು. ವಾಟ್ಸ್ಆ್ಯಪ್ ಆದರೆ ಸೇವ್ ಮಾಡಿದ ಹೆಸರಿನ ಬದಲು ದೇಶದ ಸಂಕೇತದೊಂದಿಗೆ ಪೂರ್ತಿ ನಂಬರ್ ಕಾಣುವ ಪುಟ. ಟೆಲಿಗ್ರಾಮ್‌ನಲ್ಲಿ ನಂಬರ್ ಕಾಣದೇ ಇರಬಹುದು, ಅಲ್ಲೂ ಯೂಸರ್‌ನೇಮ್ ಮುಖ್ಯ. ದಿನಾಂಕ, ಸಮಯ ಕಾಣುವಂತೆ ಬೆದರಿಕೆಯ ಮಾತುಗಳ ಸ್ಕ್ರೀನ್‌ಶಾಟ್ ತೆಗೆಯಬೇಕು. ಸ್ನ್ಯಾಪ್‌ಚಾಟ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಆ ಕಡೆಯವನಿಗೆ ಗೊತ್ತಾಗುತ್ತದೆ, ಆದ್ದರಿಂದ ಅಲ್ಲಿ ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯುವುದು ಲೇಸು. ಇದಿಷ್ಟೂ ಬರಹಕ್ಕೆ ಮತ್ತು ಖಾತೆಯ ವಿವರಕ್ಕೆ ಮಾತ್ರ. ಮಗುವಿನ ಚಿತ್ರ ಕಾಣುವ ಪುಟದ ಸ್ಕ್ರೀನ್‌ಶಾಟ್ ಬೇಡ. ತಾನಾಗಿ ಅಳಿಯುವ ಮೆಸೇಜ್ ಆನ್ ಇದ್ದರೆ 24 ಗಂಟೆಯಲ್ಲೇ ಎಲ್ಲ ಮಾಯವಾಗಬಹುದು, ನಾಳೆ ನೋಡೋಣ ಎನ್ನುವಂತಿಲ್ಲ. ಇಷ್ಟಾದ ಮೇಲೆ ಬ್ಲಾಕ್ ಮಾಡಬಹುದು.

ದೂರಿಗೆ ದಾರಿಗಳು ಹಲವು, ಯಾವುದು ಯಾವುದಕ್ಕೆ ಎಂಬ ಗೊಂದಲ ಮಾತ್ರ ಬೇಡ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930. ಆಗ ಯಾವ ಬ್ಯಾಂಕ್, ಎಷ್ಟು ಮೊತ್ತ, ಎಷ್ಟು ಗಂಟೆಗೆ, ಯಾವ ಯುಪಿಐ ಐಡಿಗೆ ಹೋಯಿತು ಎಂಬುದರ ಜೊತೆ ಆ ವಹಿವಾಟನ್ನು ಗುರುತಿಸುವ 12 ಅಂಕಿಯ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಸುವುದು ಈ ವ್ಯವಸ್ಥೆಯ ಕೆಲಸ, ಆದ್ದರಿಂದ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಮಗುವಿಗೆ ನೆರವು, ಆಪ್ತಸಲಹೆ, ಮನೆಯಲ್ಲಿ ಅಪಾಯವಿದೆ ಎನ್ನುವಂಥ ಸಂದರ್ಭಕ್ಕೆ ಮಕ್ಕಳ ಸಹಾಯವಾಣಿ 1098. ಪ್ರಾಣಾಪಾಯಕ್ಕೆ 112. ಆನ್‌ಲೈನ್ ದೂರಿಗೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್. ಅಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಆದರೆ ಹಾಗೆ ಕೊಟ್ಟರೆ ಮುಂದೇನಾಯಿತು ಎಂದು ಹಿಂಬಾಲಿಸಲು ಆಗುವುದಿಲ್ಲ. ಶಾಲೆ ಕೊಡುವ ದೂರು ಹೆಸರಿನೊಂದಿಗೇ ಇರಲಿ.

ಠಾಣೆಗೆ ಹೋದಾಗ "ಇದು ಸೆನ್ ಠಾಣೆಯದು, ಅಲ್ಲಿಗೆ ಹೋಗಿ" ಎಂದು ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗೆ ಕಳಿಸುವ ಉತ್ತರ ಬರಬಹುದು. ಇದಕ್ಕೆ ಕಾರಣವೂ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಆದರೆ ತನಿಖೆ ಯಾರು ಮಾಡಬೇಕು ಎಂಬುದು ಬೇರೆ, ದೂರು ದಾಖಲಿಸುವುದು ಬೇರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ಪೋಕ್ಸೊ ಅಡಿ ಬಂದ ಮಾಹಿತಿಗೆ ಸಂಖ್ಯೆ ಕೊಟ್ಟು, ಬರೆದು, ಓದಿ ಹೇಳಬೇಕು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ಮತ್ತು ವಿಶೇಷ ನ್ಯಾಯಾಲಯಕ್ಕೆ ತಿಳಿಸುವುದು ಪೊಲೀಸರ ಕರ್ತವ್ಯ. ಮಗುವನ್ನು ಠಾಣೆಗೆ ಎಳೆದುಕೊಂಡು ಹೋಗಬೇಕಾಗಿಯೂ ಇಲ್ಲ. ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ದಾಖಲಿಸಬೇಕು. ಇದು 24ನೇ ಕಲಮು. ಮುಖ್ಯ ಶಿಕ್ಷಕರಿಗೆ ಇದು ಬಾಯಿಪಾಠ ಇದ್ದರೆ ಠಾಣೆಯ ಮೆಟ್ಟಿಲಲ್ಲಿ ಮಾತು ಸಲೀಸಾಗುತ್ತದೆ. ಫೋನನ್ನು ಪೊಲೀಸರು ಸಾಕ್ಷ್ಯವಾಗಿ ವಶಪಡಿಸಿಕೊಳ್ಳಬಹುದು ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ. ಮನೆಗೆಲ್ಲ ಅದೊಂದೇ ಫೋನ್ ಇರುವ ಕಡೆ ಈ ಒಂದು ಕಾರಣಕ್ಕೆ ದೂರು ಹಿಂದೆ ಸರಿಯುತ್ತದೆ. ಸಿಮ್ ಹಾಕಿಕೊಳ್ಳಲು ಹಳೆಯದೊಂದು ಫೋನ್ ಹೊಂದಿಸಿಕೊಡುವುದು ಎಸ್‌ಡಿಎಂಸಿಗೆ ದೊಡ್ಡ ಮಾತಲ್ಲ.

ಚಿತ್ರ ತೆಗೆಸುವುದಕ್ಕೆ ಬೇರೆಯದೇ ದಾರಿಯಿದೆ. ಆಯಾ ವೇದಿಕೆಯಲ್ಲಿ ರಿಪೋರ್ಟ್ ಮಾಡುವುದರ ಜೊತೆಗೆ ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ ನಡೆಸುವ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆ ಇದೆ. ಚಿತ್ರ ತೆಗೆದಾಗ 18 ತುಂಬಿರದ ಯಾರು ಬೇಕಾದರೂ ಹೆಸರು ಹೇಳದೆ ಬಳಸಬಹುದು. ಚಿತ್ರ ಫೋನಿನಿಂದ ಹೊರಗೆ ಹೋಗುವುದೇ ಇಲ್ಲ. ಅದರಿಂದ ಫೋನಿನಲ್ಲೇ ಒಂದು ಬೆರಳಚ್ಚಿನಂಥ ಸಂಕೇತ ತಯಾರಾಗಿ, ಆ ಸಂಕೇತವಷ್ಟೇ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್‌ನಂಥ ಭಾಗಿ ಕಂಪನಿಗಳಿಗೆ ಸಿಗುತ್ತದೆ. ಅವರು ತಮ್ಮಲ್ಲಿ ಅದಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತಾರೆ. ಇದರ ಮಿತಿಯನ್ನೂ ತಿಳಿದಿರಬೇಕು. ಚಿತ್ರವನ್ನು ಕತ್ತರಿಸಿದ್ದರೆ, ತಿದ್ದಿದ್ದರೆ ಸಂಕೇತ ಬದಲಾಗುತ್ತದೆ, ಪ್ರತಿ ರೂಪಕ್ಕೂ ಬೇರೆ ಸಂಕೇತ ಬೇಕಾಗುತ್ತದೆ. ವಾಟ್ಸ್ಆ್ಯಪ್‌ನಂಥ ಎನ್‌ಕ್ರಿಪ್ಟ್ ಆದ ಚಾಟ್‌ಗಳಿಗೆ ಇದರ ಕೈ ಚಾಚುವುದಿಲ್ಲ. ಲಿಂಕ್ ಬರೆದಿಟ್ಟುಕೊಳ್ಳುವ ಮೊದಲೇ ಚಿತ್ರ ತೆಗೆಸಿದರೆ ದೂರು ದುರ್ಬಲವಾಗುತ್ತದೆ. ಆದ್ದರಿಂದ ಮೊದಲು ಲಿಂಕ್, ಆಮೇಲೆ ದೂರು, ಕೂಡಲೇ ಇದು.

ಗಂಡುಮಕ್ಕಳ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಅವರು ಬಂದು ಹೇಳುವುದೇ ಕಡಿಮೆ. ಹುಡುಗಿಯ ಫೋಟೊ ಇರುವ ಖಾತೆಯಿಂದ ರಿಕ್ವೆಸ್ಟ್ ಬರುತ್ತದೆ. ಒಂದಿಬ್ಬರು ಸಹಪಾಠಿಗಳು ಆಗಲೇ ಒಪ್ಪಿಕೊಂಡಿರುವುದರಿಂದ ಪರಿಚಯದವಳೇ ಅನಿಸುತ್ತದೆ. ಮಾತು ಬೇಗ ವಾಟ್ಸ್ಆ್ಯಪ್ ಅಥವಾ ಟೆಲಿಗ್ರಾಮ್ ವಿಡಿಯೊ ಕರೆಗೆ ತಿರುಗುತ್ತದೆ. ಆ ಕಡೆ ಓಡುವುದು ಮೊದಲೇ ರೆಕಾರ್ಡ್ ಮಾಡಿದ ಕ್ಲಿಪ್, ಈ ಕಡೆಯದು ಅವರಲ್ಲಿ ರೆಕಾರ್ಡ್ ಆಗುತ್ತಿರುತ್ತದೆ. ಕರೆ ಮುಗಿದ ಕೆಲವೇ ನಿಮಿಷಕ್ಕೆ ಹುಡುಗನ ಫಾಲೋವರ್‌ಗಳ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತದೆ: ದುಡ್ಡು ಹಾಕು, ಇಲ್ಲದಿದ್ದರೆ ಇವರಿಗೆಲ್ಲ ಕಳಿಸುತ್ತೇವೆ. ಮೊದಲು ಕೇಳುವುದು ಸಣ್ಣ ಮೊತ್ತ. ಅಪ್ಪನ ಫೋನಿನಿಂದ ಅದನ್ನು ಕಟ್ಟಿದ ಕೂಡಲೇ ಈ ಹುಡುಗನಿಂದ ದುಡ್ಡು ಹುಟ್ಟುತ್ತದೆ ಎಂದು ಅವರಿಗೆ ಖಾತ್ರಿಯಾಗಿ ಬೇಡಿಕೆ ಏರುತ್ತದೆ. ಕೊಡಬಾರದು, ಬೇಡಿಕೊಳ್ಳಲೂಬಾರದು. ಸಾಕ್ಷ್ಯ ತೆಗೆದಿಟ್ಟುಕೊಂಡು ಬ್ಲಾಕ್ ಮಾಡಿ, ದೂರು ಕೊಡಬೇಕು. ಆಗಲೇ ಕಟ್ಟಿದ್ದರೆ 1930. ಅವರ ಕೈಯಲ್ಲಿರುವ ಆಯುಧವೇ ಫಾಲೋವರ್‌ಗಳ ಪಟ್ಟಿ. ಖಾತೆ ಪ್ರೈವೇಟ್ ಇದ್ದು, ಗುರುತಿಲ್ಲದ ರಿಕ್ವೆಸ್ಟ್ ಒಪ್ಪದಿದ್ದರೆ ಆ ಪಟ್ಟಿ ಹೊರಗಿನವರಿಗೆ ಕಾಣುವುದೇ ಇಲ್ಲ. ಇದನ್ನು ಪ್ರತಿಯೊಬ್ಬ ಹುಡುಗನೂ ತಿಳಿದಿರಬೇಕು.

ಆ ರಾತ್ರಿ ಈ ಹುಡುಗನನ್ನು ಒಬ್ಬನೇ ಬಿಡಬಾರದು. ಮಾನದ ಭಯ ಇಲ್ಲಿ ಜೀವ ತೆಗೆಯಬಲ್ಲದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶದ ಈ ಸೇವೆಗೆ ನೋಡಲ್ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಆದರೂ ಶಾಲೆಗಳ ಗೋಡೆಯ ಮೇಲೆ ಈ ನಂಬರ್ ಕಾಣುವುದು ಅಪರೂಪ.

ತಪ್ಪು ಮಾಡಿದವನೂ ಅದೇ ತರಗತಿಯ ಮಗುವಾಗಿದ್ದರೆ ಟಿಸಿ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಅವನ ವಿಷಯ ಬಾಲ ನ್ಯಾಯ ಮಂಡಳಿಗೆ ಸೇರಿದ್ದು. ಇಬ್ಬರೂ ಮಕ್ಕಳ ಗುರುತು ಹೊರಬೀಳದಂತೆ ನೋಡಿಕೊಳ್ಳಬೇಕು, ಪ್ರಾರ್ಥನೆಯ ವೇಳೆ "ಕೆಲವರು ಹೀಗೆ ಮಾಡಿದ್ದಾರೆ" ಎಂಬ ಮಾತೂ ಬೇಡ. ದೂರು ಕೊಟ್ಟ ಹುಡುಗಿಗೇ "ಸ್ವಲ್ಪ ದಿನ ಮನೆಯಲ್ಲಿರು" ಎನ್ನುವುದನ್ನಂತೂ ಇಲಾಖೆ ಸ್ಪಷ್ಟವಾಗಿ ನಿಷೇಧಿಸಬೇಕು.

ಈಗ ಶಾಲೆಗಳು ತಾವೇ ತೆರೆದಿಟ್ಟಿರುವ ಬಾಗಿಲುಗಳು. ತರಗತಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. "ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು" ಎಂದು ಮಾಡಿದರೂ ನಂಬರ್‌ಗಳು ಕಾಣುವುದು ತಪ್ಪುವುದಿಲ್ಲ. ಅದೇ ಕಮ್ಯೂನಿಟಿ ಮಾಡಿ ಅದರ ಅನೌನ್ಸ್‌ಮೆಂಟ್ ಗ್ರೂಪ್ ಬಳಸಿದರೆ ಒಬ್ಬ ಸದಸ್ಯರ ನಂಬರ್ ಅವರನ್ನು ಕಾಂಟ್ಯಾಕ್ಟ್‌ನಲ್ಲಿ ಉಳಿಸಿಕೊಂಡಿರದ ಇತರ ಸದಸ್ಯರಿಗೆ ಕಾಣದು. ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಇನ್ನೊಂದು, ಶಾಲೆಯ ಫೇಸ್‌ಬುಕ್ ಪುಟದಲ್ಲಿ ಹಾಕುವ ಹುಟ್ಟುಹಬ್ಬದ ಶುಭಾಶಯ. ಮಗುವಿನ ನೇರ ಮುಖದ ಸ್ಪಷ್ಟ ಫೋಟೊ, ಪೂರ್ತಿ ಹೆಸರು, ತರಗತಿ, ಹುಟ್ಟಿದ ದಿನ, ಸಮವಸ್ತ್ರದ ಮೇಲೆ ಊರಿನ ಹೆಸರು. ನಕಲಿ ಖಾತೆ ತೆರೆಯಲು, ಮುಖವನ್ನು ಬೇರೆ ದೇಹಕ್ಕೆ ಅಂಟಿಸಲು ಇದಕ್ಕಿಂತ ಹೆಚ್ಚೇನೂ ಬೇಕಾಗುವುದಿಲ್ಲ. ಪ್ರತಿಭಾ ಕಾರಂಜಿಯ ಫೋಟೊ ಹಾಕಬೇಡಿ ಎನ್ನುತ್ತಿಲ್ಲ. ದೂರದಿಂದ ತೆಗೆದ ಗುಂಪಿನ ಫೋಟೊ ಇರಲಿ, ಮುಖ ಮತ್ತು ಹೆಸರು ಒಟ್ಟಿಗೆ ಬೇಡ, ಪಾಲಕರ ಒಪ್ಪಿಗೆ ಬರಹದಲ್ಲಿರಲಿ.

ಮನೆಯ ಫೋನಿನ ಬಗ್ಗೆ ಪಾಲಕರ ಸಭೆಯಲ್ಲಿ ಭಾಷಣಕ್ಕೆ ಬದಲು ಎಲ್ಲರೂ ಫೋನ್ ಕೈಯಲ್ಲಿ ಹಿಡಿದು ಇಪ್ಪತ್ತು ನಿಮಿಷ ಸೆಟ್ಟಿಂಗ್ ಮಾಡಲಿ. ವಾಟ್ಸ್ಆ್ಯಪ್‌ನ ಪ್ರೈವಸಿಯಲ್ಲಿ ಗ್ರೂಪ್‌ಗೆ ಸೇರಿಸುವವರು "ಮೈ ಕಾಂಟ್ಯಾಕ್ಟ್ಸ್" ಮಾತ್ರ, ಗುರುತಿಲ್ಲದ ಕರೆ ಸೈಲೆಂಟ್, ಆಟೊ ಡೌನ್‌ಲೋಡ್ ಆಫ್. ಪ್ಲೇ ಸ್ಟೋರ್‌ನ ಪೇರೆಂಟಲ್ ಕಂಟ್ರೋಲ್‌ಗೆ ಪಿನ್. ಇದು ಪ್ಲೇ ಸ್ಟೋರ್‌ನಿಂದ ಇಳಿಸುವ ಆ್ಯಪ್‌ಗಳನ್ನಷ್ಟೇ ತಡೆಯುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲನ್ನು (ನೇರವಾಗಿ ಆ್ಯಪ್ ಹಾಕಿಕೊಳ್ಳುವ ಫೈಲ್) ತಡೆಯುವುದಿಲ್ಲ. ಅದಕ್ಕೆ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಎಲ್ಲ ಕಡೆ ಆಫ್ ಇರಬೇಕು. ಯೂಟ್ಯೂಬ್‌ನ ರಿಸ್ಟ್ರಿಕ್ಟೆಡ್ ಮೋಡ್ ಪ್ರತಿ ಸಾಧನದಲ್ಲೂ ಬೇರೆಬೇರೆಯಾಗಿ ಆನ್ ಮಾಡಬೇಕು, ಆಫ್ ಮಾಡುವುದು ಮಗುವಿಗೂ ಸುಲಭ, ಅದನ್ನೇ ನೆಚ್ಚಿಕೊಳ್ಳಬೇಡಿ. ಇನ್‌ಸ್ಟಾಗ್ರಾಮ್‌ನ ಟೀನ್ ಅಕೌಂಟ್ ಖಾತೆಯನ್ನು ತಾನಾಗಿ ಪ್ರೈವೇಟ್ ಮಾಡುತ್ತದೆ, ಪರಿಚಯವಿಲ್ಲದವರ ಮೆಸೇಜ್ ತಡೆಯುತ್ತದೆ, 16ರೊಳಗಿನವರು ಅದನ್ನು ಸಡಿಲಿಸಲು ಪಾಲಕರ ಅನುಮತಿ ಕೇಳುತ್ತದೆ. ಆದರೆ ಮಗು ಹುಟ್ಟಿದ ವರ್ಷ 1999 ಎಂದು ಹಾಕಿದ್ದರೆ ಈ ರಕ್ಷಣೆ ಕೈಗೆ ಸಿಗದಿರಬಹುದು. ಬೈಯದೆ ಕೂತು ಹುಟ್ಟಿದ ದಿನಾಂಕ ಸರಿಮಾಡಿಸಿ.

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಸಾಮಾಜಿಕ ಜಾಲತಾಣದ ಖಾತೆ ಇಲ್ಲ. ಅಂಥ ನಿಷೇಧದ ಚರ್ಚೆ ಇಲ್ಲೂ ಇದೆ. ನಿಷೇಧ ಬಂದರೂ ಬರದಿದ್ದರೂ ನಮ್ಮ ಕೋರಿಕೆ ಬದಲಾಗದು. ಖಾತೆ ಇಡುವುದೇ ತಪ್ಪು ಎಂದಾದ ದಿನ, ಸಿಕ್ಕಿಬಿದ್ದ ಮಗು ಬಾಯಿಬಿಡಲು ಇನ್ನೂ ಹೆದರುತ್ತದೆ. ಆಗ ಹೇಳಿಕೊಳ್ಳಲು ನಂಬಿಕೆಯ ಜಾಗ ಇನ್ನೂ ಹೆಚ್ಚು ಬೇಕು.

ಇಲಾಖೆಯಿಂದ ನಮಗೆ ಬೇಕಿರುವುದು ದೊಡ್ಡ ಯೋಜನೆಯಲ್ಲ. ಒಂದು ಸುತ್ತೋಲೆ, ಅದರ ಜೊತೆ ಒಂದೇ ಹಾಳೆಯ ಕನ್ನಡ ಕಾರ್ಡ್. ಪ್ರತಿ ಶಾಲೆಯಲ್ಲೂ ಇಬ್ಬರು ಶಿಕ್ಷಕರನ್ನು, ಅದರಲ್ಲಿ ಒಬ್ಬರಾದರೂ ಮಹಿಳೆಯಾಗಿರುವಂತೆ, ಮಕ್ಕಳೇ ಗುಟ್ಟಾಗಿ ಮತ ಹಾಕಿ ಆರಿಸಲಿ. ಮಕ್ಕಳಿಗೆ ಯಾರ ಹತ್ತಿರ ಮಾತಾಡಬಹುದು ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಆ ಇಬ್ಬರಿಗೆ ಅರ್ಧ ದಿನದ ತರಬೇತಿ ಕೊಡಿ. ತರಬೇತಿಯಲ್ಲಿ ಸ್ಲೈಡ್ ಬೇಡ. ಒಬ್ಬರು ಮಗುವಾಗಿ, ಒಬ್ಬರು ಶಿಕ್ಷಕರಾಗಿ ಆ ಅರ್ಧ ಗಂಟೆಯನ್ನು ಆಡಿ ನೋಡಲಿ, ಸುಳ್ಳು ಖಾತೆಯೊಂದರ ಲಿಂಕ್ ಕಾಪಿ ಮಾಡಿ ಪೋರ್ಟಲಿನ ನಮೂನೆ ತುಂಬುವ ಅಭ್ಯಾಸ ಮಾಡಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ (ಗ್ರಂಥಾಲಯ) ಮೇಲ್ವಿಚಾರಕರನ್ನೂ ಅದಕ್ಕೆ ಕರೆಯಿರಿ, ಶಾಲೆ ಬಿಟ್ಟ ಮೇಲೆ ಮಕ್ಕಳು ಕಂಪ್ಯೂಟರ್ ಮುಟ್ಟುವುದು ಅಲ್ಲೇ.

ಕಾರ್ಡಿನ ಮುಂಭಾಗದಲ್ಲಿ ಮಾಡಬೇಕಾದ್ದು, ಮಾಡಬಾರದ್ದು. ಹಿಂಭಾಗದಲ್ಲಿ 1930, 1098, 112, 14416, ಅವುಗಳ ಕೆಳಗೆ ಜಿಲ್ಲೆಯ ಸೆನ್ ಠಾಣೆ, ವಿಶೇಷ ಮಕ್ಕಳ ಪೊಲೀಸ್ ಘಟಕ, ಮಕ್ಕಳ ಕಲ್ಯಾಣ ಸಮಿತಿ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಚೇರಿ ನಂಬರ್‌ಗಳು. ವ್ಯಕ್ತಿಗಳ ನಂಬರ್ ಹಾಕಬೇಡಿ, ವರ್ಗಾವಣೆಯಾದ ಮರುದಿನವೇ ಅದು ಕೆಲಸಕ್ಕೆ ಬಾರದು. ಪ್ರತಿ ಜೂನ್ ಮೊದಲ ವಾರ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ ಒಬ್ಬರು ಆ ಎಲ್ಲ ನಂಬರ್‌ಗಳಿಗೂ ಕರೆ ಮಾಡಿ, ಆ ಕಡೆ ಯಾರಾದರೂ ಫೋನ್ ಎತ್ತುತ್ತಾರೆಯೇ ಎಂದು ಖಾತ್ರಿ ಮಾಡಿಕೊಂಡ ಮೇಲೇ ಹೊಸ ಕಾರ್ಡ್ ಅಚ್ಚಾಗಲಿ.

ಇಂತಿ,
ಮಕ್ಕಳ ರಕ್ಷಣೆ ಮತ್ತು ಸೈಬರ್ ಸುರಕ್ಷತೆಯ ಕೆಲಸದಲ್ಲಿರುವವರು